ಅಬಚೂರಿನ ಗಿರಮಿಟ್

2023ರ ಮೇ ತಿಂಗಳು. ಮಿರಗದ ಮಳೆಗೆ ಇನ್ನೂ ದಿನವಿತ್ತು. ಕುಂದಗೋಳದ ಎರಿಭೂಮಿ ಬಿರುಕು ಬಿಟ್ಟು ಬಾಯಿ ತೆರೆದುಕೊಂಡಿತ್ತು. ಶಾಲೆಗೆ ರಜೆ ಇದ್ದ ಮಗ ನನ್ನ ಹಿಂದೆಯೇ ಬಿದ್ದಿದ್ದ.

"ಅವ್ವಾ, ಹುಬ್ಬಳ್ಳಿಗೆ ಹೋಗೂಣು. ಡೇರ್ ಡೆವಿಲ್ ಮುಸ್ತಾಫಾ ನೋಡೂಣು."

ಬಿಸಿಲು ಅಂದೆ. ಬಸ್ಸು ತುಂಬಿರತಾವ ಅಂದೆ. ಎರಡು ದಿನ ಹೀಗೇ ನೆವ ಹೇಳಿದೆ. ನಿಜವಾದ ಕಾರಣ ಬೇರೆಯೇ ಇತ್ತು. ಆ ಕಥೆ ನಮ್ಮಪ್ಪನದು.

ಬರೆದವರು ಪೂರ್ಣಚಂದ್ರ ತೇಜಸ್ವಿ ಎಂಬುದು ನನಗೂ ಗೊತ್ತು. ಅವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ ಆ ಕಥೆಯಿದೆ. ಆದರೆ ನಾನು ಅದನ್ನು ಓದಿದವಳಲ್ಲ, ಕೇಳಿದವಳು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಕರೆಂಟು ಹೋದ ರಾತ್ರಿ ಕಂದೀಲು ಹಚ್ಚಿಟ್ಟು ಅಣ್ಣನಿಗೂ ನನಗೂ ಓದಿ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ದನಿ. ಮುಸಲ್ಮಾನ ಹುಡುಗನೇ ಇಲ್ಲದ ಕ್ಲಾಸಿಗೆ ಮುಸ್ತಾಫಾ ಬರುತ್ತಾನೆ. ಅವನನ್ನು ಅರಿಯುವ ಮೊದಲೇ ಉಳಿದ ಹುಡುಗರು ಅವನ ಬಗ್ಗೆ ಏನೇನೋ ಕಲ್ಪಿಸಿಕೊಂಡು ಕೂರುತ್ತಾರೆ. ಅಪ್ಪ ಓದುತ್ತಿದ್ದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯನ್ನೂ ಹಾಗೆಯೇ ಕೇಳಿದ್ದು. ವಿಜ್ಞಾನವನ್ನೂ ನಗುವನ್ನೂ ಹಾಗೆ ಬೆರೆಸಿದ ಪುಸ್ತಕ ನನಗೆ ಬೇರೆ ಗೊತ್ತಿಲ್ಲ. ಗಿಡವೇ ಅಪರೂಪವಾದ ನಮ್ಮ ಬಯಲಿನಲ್ಲಿ ಕೂತು ನಾವು ಮಲೆನಾಡಿನ ಕಾಡು ಕಂಡೆವು. ಜಾಲಿಗಿಡದ ಮೇಲಿನ ಓತಿಕ್ಯಾತವೆಲ್ಲ ಹಾರುವ ಓತಿಯೇ ಎಂದು ಅಣ್ಣ ಅವುಗಳ ಬೆನ್ನು ಹತ್ತುತ್ತಿದ್ದ. ನನ್ನ ಮಂದಣ್ಣನಿಗೆ ನಮ್ಮೂರಿನ ಕುರಿ ಕಾಯುವವನ ಮುಖವಿತ್ತು. ಇವತ್ತಿಗೂ ಅದೇ ಮುಖ.

ಅಪ್ಪ ತೀರಿಕೊಂಡ ಮೇಲೆ ಪುಸ್ತಕಗಳು ಟ್ರಂಕು ಸೇರಿದವು. ನಾನು ಅದನ್ನು ತೆರೆಯಲಿಲ್ಲ. ತೆರೆದರೆ ಬರೀ ಅಕ್ಷರ ಸಿಕ್ಕೀತು, ದನಿ ಸಿಗಲಾರದು ಎಂಬ ಅಂಜಿಕೆ. ಈಗ ಸಿನಿಮಾ ನೋಡಿದರೆ ಇದ್ದ ದನಿಯೂ ಅಳಿಸಿಹೋದರೆ?

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನ ಮಗ ಫೋನು ಮಾಡಿದ. "ಅತ್ತಿ, ತೇಜಸ್ವಿ ಓದಿದ ನೂರು ಮಂದಿ ರೊಕ್ಕ ಹಾಕಿ ಮಾಡಿಸಿದ ಸಿನಿಮಾ ಇದು. ನೀನ ಹೋಗಲಿಲ್ಲಂದ್ರ ಹ್ಯಾಂಗ?"

ಅದು ನಿಜ. ನಿರ್ದೇಶಕ ಶಶಾಂಕ್ ಸೋಗಾಲ್ ತೇಜಸ್ವಿಯವರ ಓದುಗರಿಂದಲೇ ಹಣ ಕೂಡಿಸಿದ್ದರು. ನಟ ಧನಂಜಯ ಬೆನ್ನಿಗೆ ನಿಂತು ಅರ್ಪಿಸಿದ್ದರು. ಓದುಗರೇ ಸೇರಿ ತಮ್ಮ ಕಥೆಯನ್ನು ತೆರೆಗೆ ತರುವುದೆಂದರೆ ಸಣ್ಣ ಮಾತಲ್ಲ. ನಾಚಿಕೆಯಾಗಿ ಮಗನನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ.

ಥೇಟರಿನಲ್ಲಿ ಕಾಲೇಜು ಹುಡುಗರ ಜೊತೆ ತಲೆ ನೆರೆತವರೂ ಇದ್ದರು. ಕ್ರಿಕೆಟ್ ಪಂದ್ಯ ಬಂದಾಗ ಸೀಟಿಯೋ ಸೀಟಿ. ಮಗ ಕುರ್ಚಿಯಲ್ಲಿ ಕೂರಲೇ ಇಲ್ಲ. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ: ಇದು ಇತ್ತು, ಇದು ಇರಲಿಲ್ಲ, ಇದನ್ನು ಎಲ್ಲಿಂದ ತಂದರು? ಜೊತೆಗೆ ನನಗೆ ಬಲು ಪ್ರೀತಿಯ ಒಂದು ಸನ್ನಿವೇಶಕ್ಕೆ ಕಾಯುತ್ತಿದ್ದೆ. ಮೊದಲ ದಿನ ಮುಸ್ತಾಫಾನನ್ನು ಯಾರೂ ಮಾತಾಡಿಸುವುದಿಲ್ಲ. ಅವನು ಸುಮ್ಮನೆ ಪೇಪರಿನ ಪೊಟ್ಟಣ ಬಿಚ್ಚಿ ಪಕ್ಕದ ಹುಡುಗನ ಮುಂದೆ ಗಿರಮಿಟ್ ಹಿಡಿಯುತ್ತಾನೆ. ಹುಡುಗನಿಗೆ ಭಯ. ಆದರೂ ಕೈ ತಾನೇ ಮುಂದೆ ಹೋಗುತ್ತದೆ.

ಸಿನಿಮಾ ಮುಗಿಯಿತು. ಗಿರಮಿಟ್ ಬರಲೇ ಇಲ್ಲ.

"ಅಷ್ಟು ಚಂದದ ಜಾಗಾನ ಬಿಟ್ಟಾರ ನೋಡು," ಎಂದು ಕುಂದಗೋಳ ಮುಟ್ಟುವವರೆಗೂ ಗೊಣಗಿದೆ. ಮಗ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಖುಷಿಗೆ ನಾನು ತಣ್ಣೀರು ಎರಚುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ರಾತ್ರಿ ಅಣ್ಣನ ಮಗನ ಮುಂದೆಯೂ ಅದೇ ದೂರು. ಅವನು ನಕ್ಕ. "ಅತ್ತಿ, ನಂದೂ ಇದ ಹಣೇಬಾರ," ಎಂದು ತನ್ನ ಕಥೆ ಹೇಳಿದ.

ಇಂಗ್ಲೆಂಡಿನ ಡಗ್ಲಸ್ ಆಡಮ್ಸ್ ಬರೆದ ಒಂದು ವಿಜ್ಞಾನ ಹಾಸ್ಯವೆಂದರೆ ಅವನಿಗೆ ಪ್ರಾಣ. ಹೆಸರು 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'. ಆಕಾಶದಲ್ಲಿ ಹೈವೇ ಮಾಡಬೇಕು, ಭೂಮಿ ಅಡ್ಡ ಬರುತ್ತದೆ ಎಂದು ಭೂಮಿಯನ್ನೇ ಕೆಡವಿಹಾಕುವುದರಿಂದ ಕಥೆ ಶುರು. 1978ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬಂತು, 1979ರಲ್ಲಿ ಕಾದಂಬರಿಯಾಯಿತು, 1981ರಲ್ಲಿ ಟಿವಿಗೆ ಬಂತು. ಸಿನಿಮಾ ಆದದ್ದು 2005ರಲ್ಲಿ. ಅದನ್ನು ನೋಡಲು ಆಡಮ್ಸ್ ಇರಲಿಲ್ಲ. 2001ರಲ್ಲಿ, 49ನೇ ವಯಸ್ಸಿಗೇ ತೀರಿಕೊಂಡಿದ್ದ. ಸಿನಿಮಾ ನೋಡಿದ ಅಭಿಮಾನಿಗಳು ಎರಡು ಪಂಗಡವಾದರು. ನಮ್ಮ ಜೋಕುಗಳನ್ನೆಲ್ಲ ಕತ್ತರಿಸಿದರು ಎಂದು ಕೆಲವರ ಸಿಟ್ಟು. ಇಷ್ಟಾದರೂ ಬಂತಲ್ಲ ಎಂದು ಕೆಲವರ ಸಮಾಧಾನ.

"ನಾನೂ ಬೈದಾಂವನ," ಎಂದ ಅವನು. "ಪುಸ್ತಕದಾಗ ಇಲ್ಲದ ಒಂದು ಪಾತ್ರ ತಂದಿದ್ರು, ಹುಮ್ಮಾ ಕವೂಲಾ ಅಂತ. ಯಾವ ಶಾಣ್ಯಾ ಇದನ್ನ ತುರುಕ್ಯಾನ ಅಂತ ಸಿಟ್ಟು ಬಂದಿತ್ತು. ಆಮ್ಯಾಲೆ ಗೊತ್ತಾತು, ಸಿನಿಮಾಕ್ಕಂತ ಅದನ್ನ ಆಡಮ್ಸನ ಬರದಿದ್ದ. ನಾ ಬೈದದ್ದು ನನ್ನ ದೇವರಿಗೇ! ನೀ ಮೊದಲ ಪುಸ್ತಕ ತಗದು ನೋಡು ಅತ್ತಿ."

ಮರುದಿನ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ. ಹಾಳೆಗಳು ಹಳದಿಯಾಗಿದ್ದವು. ಕಥೆಯನ್ನು ಒಂದು ಸಲ ಓದಿದೆ. ಮತ್ತೊಂದು ಸಲ ಸಾವಕಾಶ, ಸಾಲಿನ ಮೇಲೆ ಬೆರಳಿಟ್ಟು ಓದಿದೆ.

ಗಿರಮಿಟ್ ಇರಲಿಲ್ಲ.

ಮಲೆನಾಡಿನ ಅಬಚೂರಿನಲ್ಲಿ ನಮ್ಮ ಕಡೆಯ ಗಿರಮಿಟ್ ಎಲ್ಲಿಂದ ಬರಬೇಕು? ಇಷ್ಟು ವರ್ಷ ನನಗೆ ಆ ಅನುಮಾನವೇ ಬಂದಿರಲಿಲ್ಲ. ಪುಟ ತಿರುವಿದಾಗ ಅಂಚಿನಲ್ಲಿ ಬೆರಳಗಲದ ಒಂದು ಕಲೆ ಕಂಡಿತು. ಅರಿಸಿನ ಬೆರೆತ ಎಣ್ಣೆಯ ಕಲೆ. ಸಂತೆಯ ದಿನ ಅಪ್ಪ ಗಿರಮಿಟ್ ಕಟ್ಟಿಸಿಕೊಂಡು ಬರುತ್ತಿದ್ದರು. ನಾವು ತಿನ್ನುತ್ತ ಕೇಳುತ್ತಿದ್ದೆವು, ಅವರು ತಿನ್ನುತ್ತ ಓದುತ್ತಿದ್ದರು. ಎದುರಿಗಿದ್ದದ್ದನ್ನೇ ಮುಸ್ತಾಫಾನ ಕೈಗೆ ಕೊಟ್ಟುಬಿಟ್ಟಿದ್ದರು!

ಒಬ್ಬಳೇ ಕೂತು ನಕ್ಕೆ. ಆಮೇಲೆ ಕಣ್ಣೀರೂ ಬಂತು.

ಇನ್ನೊಂದು ಸಂಜೆ ನೆನಪಾಯಿತು. ತೇಜಸ್ವಿಯವರದೇ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ 'ತಬರನ ಕಥೆ'ಯನ್ನು ಪಕ್ಕದ ಮನೆಯ ಟಿವಿಯಲ್ಲಿ ನೋಡಿದ್ದೆವು. ಚಾರುಹಾಸನ್ ತಬರನಾಗಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಮನೆಗೆ ಬಂದು ಅಣ್ಣ ಕೇಳಿದ್ದ, "ಅಪ್ಪಾ, ನೀವು ಓದಿ ಹೇಳಿದ ತಬರ ಹಿಂಗಿರಲಿಲ್ಲಲ್ಲ?"

ಅಪ್ಪ ಅಂದಿದ್ದರು, "ಅಂವ ನಮ್ಮ ಮನಿ ತಬರ. ಇಂವ ಅವರ ಮನಿ ತಬರ. ಇಬ್ಬರಿಗೂ ಪಿಂಚಣಿ ಬರಬೇಕಾಗಿತ್ತು, ಅಷ್ಟ."

ಆಗ ಅರ್ಥವಾಗದ ಮಾತು ಈಗ ಅರ್ಥವಾಯಿತು. ನಮ್ಮ ಮನೆಯಲ್ಲಿ ಮೊದಲು ಕಥೆ ಬದಲಿಸಿದವರು ಅಪ್ಪನೇ. ಅದೇ ಅಸಲು ಎಂದು ನಂಬಿ ನಾನು ಬಸ್ಸಿನ ತುಂಬ ಜಗಳವಾಡಿದ್ದೆ. ಪ್ರೀತಿಸಿದವರು ಕಥೆಯನ್ನು ಇದ್ದ ಹಾಗೆ ಇಡುವುದಿಲ್ಲ. ತಮ್ಮ ಮನೆಯದನ್ನು ಒಂದು ಹಿಡಿ ಬೆರೆಸಿಯೇ ಮುಂದಿನವರಿಗೆ ಕೊಡುತ್ತಾರೆ. ಆ ನೂರು ಮಂದಿಯೂ ಅದನ್ನೇ ಮಾಡಿದ್ದರು.

ಮಗನಿಗೆ ಪುಸ್ತಕ ಕೊಟ್ಟೆ. ಓದಿ ಮುಗಿಸಿ ಮುಖ ಗಂಟಿಕ್ಕಿಕೊಂಡು ಬಂದ. "ಇಷ್ಟ ಸಣ್ಣದೇನು? ಸಿನಿಮಾದಾಗ ಇದ್ದದ್ದು ಎಷ್ಟೋ ಇಲ್ಲವ್ವಾ ಇದರಾಗ. ಎಲ್ಲಾ ಬಿಟ್ಟಾರ!"

ಬಸ್ಸಿನಲ್ಲಿ ಗೊಣಗಿದ ನನ್ನದೇ ದನಿ. ನಗು ತಡೆಯಲಾಗಲಿಲ್ಲ. "ಬಾ ಇಲ್ಲಿ, ನಾ ಓದತೀನಿ," ಎಂದೆ. ಅಪ್ಪನ ದನಿ ನನ್ನ ಗಂಟಲಲ್ಲಿ ಬರಲಿಲ್ಲ. ನನ್ನದೇ ದನಿಯಲ್ಲಿ ಓದಿದೆ. ಮುಸ್ತಾಫಾ ಕ್ಲಾಸಿಗೆ ಬಂದು ಕೂತ. ನಾನು ಸ್ವಲ್ಪ ನಿಲ್ಲಿಸಿದೆ. ಮಗ ಪುಸ್ತಕವನ್ನೂ ನನ್ನ ಮುಖವನ್ನೂ ನೋಡಿದ. ಅಲ್ಲಿ ಏನಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಹಾಕವ್ವಾ ಗಿರಮಿಟ್," ಎಂದ. "ಜೋಡಿಗೆ ಎರಡು ಮಿರ್ಚಿ ಭಜಿನೂ ಇರಲಿ."