ಕ್ವೀನ್ಸ್‌ಬ್ರಿಜ್‌ನಲ್ಲೊಂದು ಶನಿವಾರ

"ಅಣ್ಣಾ, ಲಿಬರ್ಟಿ ಪ್ರತಿಮೆ ಫೋಟೋ ಎಲ್ಲಾ ಬೇಡ. ಕ್ವೀನ್ಸ್‌ಬ್ರಿಜ್‌ಗೆ ಹೋಗಿ ಒಂದು ಫೋಟೋ ಕಳ್ಸು, ಸಾಕು."

ತಮ್ಮನಿಂದ ಈ ಮೆಸೇಜ್ ಬಂದಾಗ ನಾನು ಆರು ತಿಂಗಳ ಕೆಲಸದ ಮೇಲೆ ಅಮೆರಿಕಕ್ಕೆ ಬಂದು ಎರಡು ತಿಂಗಳಾಗಿತ್ತು. ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಹತ್ತಿರ ರೂಮು. ಕೆಳಗಿಳಿದರೆ ದೋಸೆ ಸಿಗುತ್ತೆ, ಕೊತ್ತಂಬರಿ ಸೊಪ್ಪು ಸಿಗುತ್ತೆ, ಅರಸೀಕೆರೆ ಬಿಟ್ಟು ಬಂದಿದ್ದೇನೆ ಅಂತ ಅನ್ನಿಸೋದು ಚಳಿ ಬಿದ್ದಾಗ ಮಾತ್ರ. ತಮ್ಮನ ಮೆಸೇಜ್ ಬಂದದ್ದೇ ನನಗೆ ಆಶ್ಚರ್ಯ. ಯುಗಾದಿಯಿಂದೀಚೆಗೆ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

ಅವನು ಇಂಜಿನಿಯರಿಂಗ್ ಮೂರನೇ ವರ್ಷಕ್ಕೇ ಬಿಟ್ಟ. ಕನ್ನಡದಲ್ಲಿ ರ‍್ಯಾಪ್ ಮಾಡ್ತಾನೆ. ಅಪ್ಪ ನಿವೃತ್ತ ಮೇಷ್ಟ್ರು, ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸುವವರು. ಅವರ ಪಾಲಿಗೆ ರ‍್ಯಾಪ್ ಅಂದರೆ ಗಣೇಶನ ಪೆಂಡಾಲಿನ ಗದ್ದಲ. ಅಪ್ಪ-ಮಗ ಒಂದೇ ಮನೆಯಲ್ಲಿದ್ದೂ ಅಮ್ಮನ ಮೂಲಕವೇ ಮಾತು. ಯುಗಾದಿಗೆ ತಮ್ಮ ಹಾಡು ಮಿಕ್ಸ್ ಮಾಡಿಸೋಕೆ ನಲವತ್ತು ಸಾವಿರ ಕೇಳಿದ್ದ. ನನ್ನ ಹತ್ತಿರ ದುಡ್ಡಿತ್ತು. ಕೊಡಲಿಲ್ಲ. "ಮೊದ್ಲು ಬ್ಯಾಕ್‌ಲಾಗ್ ಕ್ಲಿಯರ್ ಮಾಡು" ಅಂತ ಅರ್ಧ ಗಂಟೆ ಭಾಷಣ ಬಿಗಿದೆ.

ಅವನು ಹೇಳಿದ ಜಾಗ ಯಾಕೆ ಮುಖ್ಯ ಅಂತ ಗೊತ್ತಾಗಲು ಒಂದು ಆಲ್ಬಂ ಕೇಳಲೇಬೇಕಿತ್ತು. ನಾಸ್ ಅನ್ನೋ ರ‍್ಯಾಪರ್‌ನ ಮೊದಲ ಆಲ್ಬಂ 'ಇಲ್‌ಮ್ಯಾಟಿಕ್'. ಬಿಡುಗಡೆಯಾದದ್ದು 1994ರ ಏಪ್ರಿಲ್ 19ರಂದು. ಆಗ ಅವನಿಗೆ ಇಪ್ಪತ್ತು ವರ್ಷ. ಮೊದಲಿನ ಪೀಠಿಕೆ ಸೇರಿ ಹತ್ತೇ ಟ್ರ್ಯಾಕು, ಒಟ್ಟು ಸುಮಾರು ನಲವತ್ತು ನಿಮಿಷ. ಜರ್ನಲ್ ಸ್ಕ್ವೇರ್‌ನಲ್ಲಿ ರೈಲು ಹತ್ತಿ, 33ನೇ ಬೀದಿಯಲ್ಲಿಳಿದು, ಎಫ್ ರೈಲಿಗೆ ಬದಲಾಯಿಸಿ, ನದಿಯ ಕೆಳಗೆ ಹಾಯ್ದು ಕ್ವೀನ್ಸ್‌ಬ್ರಿಜ್ ಸ್ಟೇಷನ್ ತಲುಪುವ ಹೊತ್ತಿಗೆ ಆಲ್ಬಂ ಮುಗಿದು ಮತ್ತೆ ಮೊದಲಿನಿಂದ ಶುರುವಾಗಿತ್ತು. ಮಾತು ಅರ್ಧಕ್ಕರ್ಧ ಅರ್ಥವಾಗಲಿಲ್ಲ, ನಿಜ ಹೇಳ್ತೀನಿ.

ಮೆಟ್ಟಿಲು ಹತ್ತಿ ಹೊರಗೆ ಬಂದರೆ ಕಂದು ಇಟ್ಟಿಗೆಯ ಆರಂತಸ್ತಿನ ಕಟ್ಟಡಗಳು. ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಥರ. ಮೇಲಿನಿಂದ ನೋಡಿದರೆ ಇಂಗ್ಲಿಷ್ ವೈ ಅಕ್ಷರದ ಆಕಾರ. 1939ರಲ್ಲಿ ಬಡವರಿಗಾಗಿ ಸರ್ಕಾರ ಕಟ್ಟಿಸಿದ ವಸತಿ ಇದು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು. ಇಡೀ ಉತ್ತರ ಅಮೆರಿಕದಲ್ಲೇ ಇಷ್ಟು ದೊಡ್ಡದು ಇನ್ನೊಂದಿಲ್ಲ. ಖರ್ಚು ಉಳಿಸಲು ಆಗ ಲಿಫ್ಟನ್ನು ಒಂದು, ಮೂರು, ಐದನೇ ಮಹಡಿಯಲ್ಲಿ ಮಾತ್ರ ನಿಲ್ಲುವಂತೆ ಮಾಡಿದ್ದರಂತೆ. ಅದನ್ನು ಓದಿ ನನ್ನೊಳಗಿನ ಇಂಜಿನಿಯರ್‌ಗೆ ನಗು ಬಂತು, ಆಮೇಲೆ ನಾಲ್ಕನೇ ಮಹಡಿಯ ಅಜ್ಜಿಯರು ನೆನಪಾಗಿ ನಗು ನಿಂತಿತು.

ಪಕ್ಕದಲ್ಲೇ 1909ರ ಕ್ವೀನ್ಸ್‌ಬೊರೋ ಸೇತುವೆ, ತಲೆಯ ಮೇಲೆ ಲಾರಿಗಳ ಸದ್ದು ನಿಲ್ಲುವುದೇ ಇಲ್ಲ. ನದಿ ದಂಡೆಯ ಪಾರ್ಕಿನಲ್ಲಿ ಕೂತರೆ ಆಚೆ ದಡದಲ್ಲಿ ಮ್ಯಾನ್‌ಹಟನ್‌ನ ಗಗನಚುಂಬಿಗಳು. ಕೈ ಚಾಚಿದರೆ ಸಿಗುವ ಹಾಗಿವೆ. ಎಂಟನೇ ತರಗತಿ ಮುಗಿಯೋ ಹೊತ್ತಿಗೆ ಶಾಲೆ ಬಿಟ್ಟ ಹುಡುಗನೊಬ್ಬ ದಿನಾ ಅದನ್ನು ನೋಡುತ್ತಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ ಅಂತ ಕಲ್ಪಿಸಿಕೊಂಡೆ. ಹಾಡಲು ಸ್ಟುಡಿಯೋ ಬೇಕಿತ್ತು. ಅವನ ಹತ್ತಿರ ದುಡ್ಡಿರಲಿಲ್ಲ. ಶುರುವಿನಲ್ಲಿ ಲಾರ್ಜ್ ಪ್ರೊಫೆಸರ್ ಎಂಬ ನಿರ್ಮಾಪಕ ಅವನನ್ನು ಒಳಗೆ ಕರೆದುಕೊಂಡ. ಎರಿಕ್ ಬಿ ಮತ್ತು ರಕೀಮ್ ಎಂಬ ಹೆಸರಾಂತ ಜೋಡಿ ಬುಕ್ ಮಾಡಿದ ಸ್ಟುಡಿಯೋ, ಅವರು ಬಾರದೆ ಖಾಲಿ ಬಿದ್ದಾಗ, ಈ ಹುಡುಗ ಅಲ್ಲಿ ರೆಕಾರ್ಡ್ ಮಾಡುತ್ತಿದ್ದ. ಯಾರದೋ ಬಾಡಿಗೆಯಲ್ಲಿ ಇವನ ಕಲಿಕೆ. ನನ್ನ ನಲವತ್ತು ಸಾವಿರ ಇಲ್ಲಿ ಒಂದು ಸಲ ಚುಚ್ಚಿತು.

ಆಗ ಸಾಮಾನ್ಯವಾಗಿ ಒಂದು ಆಲ್ಬಂಗೆ ಒಬ್ಬರೋ ಒಂದು ತಂಡವೋ ಸಂಗೀತ ಮಾಡುತ್ತಿತ್ತು. ಇವನಿಗೆ ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಇದೇ ಕೇರಿಯ ಎಲ್‌ಇಎಸ್, ಹೀಗೆ ಐವರು. ಸ್ಪೀಕರ್‌ನಲ್ಲಿ ಬೇರೆ ಬೇರೆ ಕೈಯ ಕೆಲಸ, ಆದರೂ ಕೇಳಿದರೆ ಒಂದೇ ಬೀದಿಯ ಒಂದೇ ಸಂಜೆ. ಆಲ್ಬಂ ತಯಾರಾಗುವ ದಿನಗಳಿಗೆ ಸ್ವಲ್ಪ ಮೊದಲು, 1992ರಲ್ಲಿ, ಅವನ ಜೀವದ ಗೆಳೆಯ ವಿಲ್ಲಿಯನ್ನು ಇಲ್ಲೇ ಗುಂಡಿಟ್ಟು ಕೊಂದರು. ಅದೇ ಘಟನೆಯಲ್ಲಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು. ತಮ್ಮ ಉಳಿದುಕೊಂಡ. ಪಾರ್ಕಿನ ಬೆಂಚಿನ ಮೇಲೆ ಇದನ್ನು ಫೋನಿನಲ್ಲಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ನೀರು ನೋಡಿದೆ.

ಬಿಡುಗಡೆಯಾದ ಕೂಡಲೇ ಲಕ್ಷಗಟ್ಟಲೆ ಮಾರಾಟವಾಗಲಿಲ್ಲ. ವಿಮರ್ಶಕರು ಮೆಚ್ಚಿದರೂ ಹತ್ತು ಲಕ್ಷದ ಪ್ಲಾಟಿನಂ ಗೌರವ ಸಿಕ್ಕಿದ್ದು 2001ರಲ್ಲಿ. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ನನ್ನನ್ನು ಹಿಡಿದದ್ದು ಮಾತ್ರ ಮೂರನೇ ಟ್ರ್ಯಾಕು. ಅದರ ಕೊನೆಯಲ್ಲಿ ಮಾತೆಲ್ಲ ನಿಂತು ಒಂದು ಕಾರ್ನೆಟ್ ಮೆಲ್ಲಗೆ ಏಳುತ್ತದೆ. ನುಡಿಸಿದವರು ನಾಸ್‌ನ ಅಪ್ಪ, ಮಿಸಿಸಿಪ್ಪಿಯಿಂದ ಬಂದ ಜಾಝ್ ಕಲಾವಿದ ಓಲು ದಾರಾ. ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟಿದ್ದವರು. ಆಲ್ಬಂನ ಮುಖಪುಟದಲ್ಲಿರುವ ಏಳು ವರ್ಷದ ಹುಡುಗನ ಮುಖದ ಹಿಂದೆ ಈ ಕಟ್ಟಡಗಳೇ ಇವೆ. ನಾನು ಫೋಟೋ ತೆಗೆದದ್ದೂ ಅಂಥದ್ದೇ ಕೋನದಿಂದ. ಅಂದರೆ, ಪ್ರಯತ್ನಪಟ್ಟೆ. ಕಸದ ಡಬ್ಬಿಯೊಂದು ಅಡ್ಡ ಬಂತು.

ರಾತ್ರಿ ಎಂಟೂವರೆಗೆ ಅಪ್ಪನಿಗೆ ಫೋನ್ ಮಾಡಿದೆ. ಊರಿನಲ್ಲಿ ಬೆಳಿಗ್ಗೆ ಆರು, ಹಾಲು ತಂದು ಕೂತಿದ್ದರು. ಊಟ, ಚಳಿ ಎಲ್ಲ ಮುಗಿದ ಮೇಲೆ ಓಲು ದಾರಾ ವಿಷಯ ಹೇಳಿದೆ.

"ಕಾರ್ನೆಟ್ ಅಂದ್ರೆ ಬ್ಯಾಂಡ್ ಸೆಟ್‌ನೋರು ಊದ್ತಾರಲ್ಲ, ಅಂಥದ್ದಾ?"

"ಹೆಚ್ಚುಕಮ್ಮಿ ಅಂಥದ್ದೇ ಅಪ್ಪ."

"ಮಗನ ಹಾಡಿಗೆ ಅಪ್ಪನೇ ಊದಿದ್ನಾ?"

"ಹೂಂ."

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ, "ನಮ್ ಹಾರ್ಮೋನಿಯಂ ತಿದಿಗೆ ಇಲಿ ಕಚ್ಚಿದೆ ಕಣೋ, ಗಾಳಿ ಸೋರುತ್ತೆ. ತುಮಕೂರಿಗೆ ಒಯ್ದು ರಿಪೇರಿ ಮಾಡಿಸ್ಬೇಕು. ನನ್ ಕೈಲಿ ಹೊರಕ್ಕಾಗಲ್ಲ" ಅಂದು ಫೋನನ್ನು ಅಮ್ಮನಿಗೆ ಕೊಟ್ಟುಬಿಟ್ಟರು.

ತಮ್ಮನಿಗೆ ಫೋಟೋ ಕಳಿಸಿದೆ. ಹಿಂದೆಯೇ ನಲವತ್ತು ಸಾವಿರ ಹಾಕಿದೆ, ಹಾರ್ಮೋನಿಯಂ ಸುದ್ದಿಯನ್ನೂ ಬರೆದೆ. ತುಂಬಾ ಹೊತ್ತು 'ಟೈಪಿಂಗ್' ಅಂತ ತೋರಿಸ್ತಾ ಇತ್ತು.

"ನಾನೇ ಹೊತ್ಕೊಂಡು ಹೋಗ್ತೀನಿ ಅಂತ ಅಪ್ಪಂಗೆ ಹೇಳ್ತೀಯಾ ಅಣ್ಣಾ?"

"ನೀನೇ ಹೇಳು" ಅಂದೆ.