ಬಿಳಿ ಬೋರ್ಡಿನ ವಿಮಾನ

ಅಮೆರಿಕದ ವಿಮಾನಯಾನ ಕಾನೂನಿನಲ್ಲಿ ಒಂದು ವಿಚಿತ್ರ ನಿಯಮ ಇದೆ. ನಿಮ್ಮ ಹತ್ತಿರ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದ್ದರೆ ಗೆಳೆಯರನ್ನು ಕೂರಿಸಿಕೊಂಡು ಹಾರಬಹುದು, ಖರ್ಚನ್ನೂ ಹಂಚಿಕೊಳ್ಳಬಹುದು. ಆದರೆ ನಿಮ್ಮ ಪಾಲಿನ ದುಡ್ಡು ನೀವು ಹಾಕಲೇಬೇಕು. ಮೂರು ಜನ ಹೋದರೆ ಮೂರರಲ್ಲಿ ಒಂದು ಭಾಗ, ನಾಲ್ಕು ಜನ ಹೋದರೆ ಕಾಲು ಭಾಗ. ಅದಕ್ಕಿಂತ ಒಂದು ಸೆಂಟ್ ಕೂಡ ಕಡಿಮೆ ಮಾಡುವ ಹಾಗಿಲ್ಲ. "ಬಿಡು ಗುರೂ, ಈ ಸಲ ಪೂರ್ತಿ ನಮ್ದು" ಅಂತ ಗೆಳೆಯರು ಪ್ರೀತಿಯಿಂದ ಹೇಳಿದರೂ ಒಪ್ಪುವಂತಿಲ್ಲ!

ಇದು ಅಲ್ಲಿನ ಫೆಡರಲ್ ನಿಯಮಾವಳಿಯ 61.113ನೇ ಕಲಮು. ಹಂಚಿಕೊಳ್ಳಬಹುದಾದ ಖರ್ಚು ಯಾವುದು ಅಂತಲೂ ಬರೆದಿಟ್ಟಿದ್ದಾರೆ: ಇಂಧನ, ಆಯಿಲ್, ವಿಮಾನ ನಿಲ್ದಾಣದ ಶುಲ್ಕ, ವಿಮಾನದ ಬಾಡಿಗೆ. ಅಷ್ಟೇ. ಇನ್ಶೂರೆನ್ಸು, ರಿಪೇರಿ, ಹ್ಯಾಂಗರ್ ಬಾಡಿಗೆ ಇವನ್ನೆಲ್ಲ ಜೊತೆಗೆ ಬಂದವರ ತಲೆಗೆ ಕಟ್ಟುವಂತಿಲ್ಲ. ಇನ್ನೂ ತಮಾಷೆ ಏನು ಗೊತ್ತಾ? ಪೈಲಟ್ ತನ್ನ ಜೇಬಿಗೆ ಏನೂ ಹಾಕಿಕೊಳ್ಳದೆ, ಬೇರೆಯವರ ಖರ್ಚಿನಲ್ಲಿ ಸುಮ್ಮನೆ ಹಾರಿದರೂ ಅದು 'ಪ್ರತಿಫಲ'ವೇ. ಯಾಕೆಂದರೆ ಅವನ ಲಾಗ್‌ಬುಕ್ಕಿನಲ್ಲಿ ಹಾರಾಟದ ಗಂಟೆಗಳು ಸೇರಿದವಲ್ಲ, ಅದೇ ಸಂಬಳ ಅನ್ನುತ್ತದೆ ಎಫ್‌ಎಎ, ಅಂದರೆ ಅಲ್ಲಿನ ವಿಮಾನಯಾನ ಆಡಳಿತ.

ನನಗೆ ಇದೆಲ್ಲ ಗೊತ್ತಾಗಿದ್ದು ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಂದ. ಶಿವಮೊಗ್ಗ ಕಡೆಯ ಹುಡುಗ. ವಾರವಿಡೀ ನನ್ನ ಹಾಗೆ ಕೋಡ್ ಕುಟ್ಟುತ್ತಾನೆ, ಶನಿವಾರ ಬಂದರೆ ಫ್ಲೈಯಿಂಗ್ ಕ್ಲಬ್ಬಿನ ಸೆಸ್ನಾ 172 ಬಾಡಿಗೆಗೆ ತಗೊಂಡು ಹಾರುತ್ತಾನೆ. ನಾಲ್ಕು ಸೀಟಿನ ಪುಟ್ಟ ವಿಮಾನ ಅದು. ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ, "ಅಂಕಲ್, ನಿಮ್ಮನ್ನ ಮಾಂಟೆರೆಗೆ ಕರ್ಕೊಂಡು ಹೋಗ್ತೀನಿ" ಅಂದ. ಅಮ್ಮ "ನಾನಂತೂ ಬರಲ್ಲ, ನೀವೂ ಹೋಗ್ಬೇಡಿ" ಅಂತ ಶುರು ಮಾಡಿದರು. ಅಪ್ಪ ಮಾತ್ರ ಆ ಹೊತ್ತಿಗಾಗಲೇ ಮನಸ್ಸಿನಲ್ಲೇ ಹಾರಿಯಾಗಿತ್ತು. :-)

ಲೆಕ್ಕ ಹೀಗಿತ್ತು: ಇಂಧನ ಸೇರಿ ಗಂಟೆಗೆ 180 ಡಾಲರ್ ಬಾಡಿಗೆ, ಹೋಗಿಬರಲು ಒಂದೂವರೆ ಗಂಟೆ, ಒಟ್ಟು 270. ಮೂರು ಜನಕ್ಕೆ ತಲಾ 90. ಅಪ್ಪನಿಗೆ ಇದು ಸರಿ ಬರಲಿಲ್ಲ. ಹುಡುಗ ನಮಗೋಸ್ಕರ ಕಷ್ಟಪಟ್ಟು ಓಡಿಸುತ್ತಾನೆ, ಅವನ ಕೈಯಲ್ಲೇ ದುಡ್ಡು ಹಾಕಿಸುವುದೇ?

"ಪೂರ್ತಿ ನಾನೇ ಕೊಡ್ತೀನಪ್ಪ, ಇದ್ರಲ್ಲಿ ಏನಿದೆ?"

"ಬೇಡ ಅಂಕಲ್, ಕೊಟ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಅಷ್ಟೇ ಅಲ್ಲ, ಮಾಂಟೆರೆಗೆ ಹೋಗೋಕೆ ನಂಗೂ ನಂದೇ ಒಂದು ಕಾರಣ ಇರ್ಬೇಕು. ನನ್ನ ಫ್ರೆಂಡ್ ಒಬ್ಬ ಅಲ್ಲಿದಾನೆ, ಅವನ ಜೊತೆ ಊಟಕ್ಕೆ ಹೋಗ್ತಿದೀನಿ. ನೀವು ಜೊತೆಗೆ ಬರ್ತಿದೀರಿ. ಇಲ್ಲಾಂದ್ರೆ ನಾನು ನಿಮ್ಮ ಡ್ರೈವರ್ ಆಗ್ಬಿಡ್ತೀನಿ."

ಅಪ್ಪ ಮೂವತ್ತು ವರ್ಷ ಕೆಎಸ್‌ಆರ್‌ಟಿಸಿಯಲ್ಲಿದ್ದವರು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ರಿಟೈರ್ ಆದವರು. ಒಂದು ನಿಮಿಷ ಯೋಚನೆ ಮಾಡಿ, "ಓ, ಬಿಳಿ ಬೋರ್ಡು ಹಳದಿ ಬೋರ್ಡು ಅನ್ನು!" ಅಂದರು. ನಾನು ಅರ್ಧ ದಿನ ಓದಿ ಅರ್ಥ ಮಾಡಿಕೊಂಡಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿದ್ದರು.

ಅಲ್ಲಿಂದ ಮುಂದೆ ನಮ್ಮಿಬ್ಬರ ಚರ್ಚೆ ಶುರುವಾಯಿತು. ನಾನು ಅಪ್ಪನಿಗೆ ಫ್ಲೈಟಿನೌ ಕಥೆ ಹೇಳಿದೆ. ಅದೊಂದು ಸ್ಟಾರ್ಟಪ್ಪು. ಪೈಲಟ್ ತಾನು ಯಾವ ದಿನ ಎಲ್ಲಿಗೆ ಹೋಗುತ್ತೇನೆ ಅಂತ ವೆಬ್‌ಸೈಟಿನಲ್ಲಿ ಹಾಕಬೇಕು, ಅದೇ ದಿಕ್ಕಿಗೆ ಹೋಗುವವರು ಪಾಲು ಕೊಟ್ಟು ಸೇರಿಕೊಳ್ಳಬೇಕು. ಪೈಲಟ್ ತನ್ನ ಪಾಲನ್ನೂ ಹಾಕುತ್ತಾನೆ. ಎಲ್ಲ ನಿಯಮದ ಪ್ರಕಾರವೇ ಅಲ್ವಾ? ಎಫ್‌ಎಎ 2014ರಲ್ಲಿ ಅಲ್ಲ ಅಂದಿತು. ಊರಿಗೆಲ್ಲ ಕಾಣುವ ಹಾಗೆ 'ಬನ್ನಿ, ಕರೆದೊಯ್ಯುತ್ತೇನೆ' ಅಂತ ಸಾರಿದರೆ ಅದು ಸಾರ್ವಜನಿಕ ಸಾಗಣೆ, ಅದಕ್ಕೆ ಬೇರೆ ಲೈಸೆನ್ಸು, ಬೇರೆ ಪರವಾನಗಿ ಬೇಕು ಅನ್ನುವುದು ಅದರ ವಾದ. ಕಂಪನಿ ಕೋರ್ಟಿಗೆ ಹೋಯಿತು. 2015ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಎಫ್‌ಎಎ ಪರ ತೀರ್ಪು ಕೊಟ್ಟಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಅನ್ಯಾಯ ಅಂತ ನನಗನ್ನಿಸಿತ್ತು. ಅದೇ ವಿಮಾನ, ಅದೇ ಪೈಲಟ್. ಫೋನಲ್ಲಿ ಕರೆದರೆ ಸರಿ, ವೆಬ್‌ಸೈಟಿನಲ್ಲಿ ಕರೆದರೆ ತಪ್ಪು, ಅದು ಹೇಗೆ?

ಅಪ್ಪ ನಕ್ಕರು. "ಮದುವೆ ಪಾರ್ಟಿಗೆ ಅಂತ ಪರ್ಮಿಟ್ ತಗೊಂಡ ಬಸ್ಸು ನಮ್ಮ ಸ್ಟ್ಯಾಂಡ್ ಮುಂದೆ ನಿಂತ್ಕೊಂಡು 'ಬೆಂಗ್ಳೂರ್, ಬೆಂಗ್ಳೂರ್' ಅಂತ ಕೂಗ್ತಿತ್ತು ಕಣೋ. ಬಸ್ಸೂ ಅದೇ, ಡ್ರೈವರೂ ಅವನೇ. ಆದ್ರೆ ಕೂಗಿದ ತಕ್ಷಣ ಅದು ಕಾಂಟ್ರಾಕ್ಟ್ ಕ್ಯಾರೇಜ್ ಅಲ್ಲ, ಸ್ಟೇಜ್ ಕ್ಯಾರೇಜ್. ಹತ್ತೋನಿಗೆ ಡ್ರೈವರ್ ಯಾರು, ಗಾಡಿ ಹೆಂಗಿದೆ ಏನೂ ಗೊತ್ತಿರಲ್ಲ. ಸರ್ಕಾರ ನೋಡಿರುತ್ತೆ ಅಂತ ನಂಬಿ ಹತ್ತುತ್ತಾನೆ."

ಆ ನಂಬಿಕೆಯ ಹಿಂದೆ ಏನೇನಿದೆ ಅಂತ ಆಮೇಲೆ ಹುಡುಕಿದೆ. ಅಮೆರಿಕದಲ್ಲಿ ಪ್ರೈವೇಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಿರಬೇಕು. ದುಡ್ಡಿಗೆ ಹಾರಿಸುವ ಕಮರ್ಷಿಯಲ್ ಲೈಸೆನ್ಸಿಗೆ ಸಾಮಾನ್ಯವಾಗಿ 250 ಗಂಟೆ. ಸ್ವಂತಕ್ಕೆ ಹಾರಿಸುವ ವಿಮಾನಕ್ಕೆ ವರ್ಷಕ್ಕೊಂದು ತಪಾಸಣೆ ಸಾಕು. ಬಾಡಿಗೆಗೆ ಜನರನ್ನು ಒಯ್ಯುವುದಾದರೆ ಅದರ ಜೊತೆಗೆ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಆಗಬೇಕು. ವೈದ್ಯಕೀಯ ಪರೀಕ್ಷೆಯೂ ಬಿಗಿ.

ಯುರೋಪಿನವರು ಬೇರೆ ದಾರಿ ಹಿಡಿದಿದ್ದಾರೆ. 2014ರ ನಿಯಮದ ಪ್ರಕಾರ ಪೈಲಟ್ ಸೇರಿ ಆರು ಜನರವರೆಗೆ ನೇರ ಖರ್ಚು ಹಂಚಿಕೊಂಡು ಹಾರಬಹುದು. ಪೈಲಟ್ಟೂ ಪಾಲು ಹಾಕಬೇಕು, ಆದರೆ ಎಷ್ಟು ಅಂತ ಅಳತೆ ಹಾಕಿ ಹೇಳಿಲ್ಲ. ಅಪರಿಚಿತರನ್ನು ಸೇರಿಸುವ ವಿಂಗ್ಲಿಯಂಥ ವೆಬ್‌ಸೈಟುಗಳು ಅಲ್ಲಿ ರಾಜಾರೋಷವಾಗಿ ನಡೆಯುತ್ತಿವೆ.

ಹಾಗಾದರೆ ಹಳದಿ ಬೋರ್ಡಿನ ಹಟ ಯಾಕೆ ಬೇಕು ಅನ್ನುವವರು 2019ರ ಜನವರಿ 21ರ ರಾತ್ರಿಯನ್ನು ನೆನಪಿಸಿಕೊಳ್ಳಬೇಕು. ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂತ್‌ನಿಂದ ವೇಲ್ಸಿನ ಕಾರ್ಡಿಫ್‌ಗೆ ಹೊರಟಿದ್ದ. ಒಂದೇ ಎಂಜಿನ್ನಿನ ಪೈಪರ್ ಮಾಲಿಬು ವಿಮಾನ. ಅದು ಗರ್ನ್ಸಿ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. ಆಟಗಾರನೂ ಉಳಿಯಲಿಲ್ಲ, ಪೈಲಟ್ಟೂ ಉಳಿಯಲಿಲ್ಲ. ಇದು ಖರ್ಚು ಹಂಚಿಕೊಂಡ ಹಾರಾಟ ಅಲ್ಲ, ನಿಜ. ದುಡ್ಡಿಗೆ ಒಪ್ಪಿಕೊಂಡ ಹಾರಾಟ. ಆದರೆ ಪೈಲಟ್ ಹತ್ತಿರ ಇದ್ದದ್ದು ಪ್ರೈವೇಟ್ ಲೈಸೆನ್ಸ್, ರಾತ್ರಿ ಹಾರುವ ಅರ್ಹತೆ ಇರಲಿಲ್ಲ. ಕೆಟ್ಟ ಹವೆಯಿಂದ ತಪ್ಪಿಸಿಕೊಳ್ಳಲು ತಿರುಗಿಸುವಾಗ ಹಿಡಿತ ತಪ್ಪಿರಬೇಕು, ಎಗ್ಸಾಸ್ಟ್‌ನಿಂದ ಸೋರಿದ ಕಾರ್ಬನ್ ಮೊನಾಕ್ಸೈಡ್ ಕೂಡ ಪೈಲಟ್‌ನನ್ನು ಬಾಧಿಸಿರಬೇಕು ಅಂತ ಬ್ರಿಟನ್ನಿನ ತನಿಖಾ ಸಂಸ್ಥೆ 2020ರ ವರದಿಯಲ್ಲಿ ಹೇಳಿತು. ಹಾರಾಟ ಏರ್ಪಡಿಸಿದವನಿಗೆ 2021ರ ನವೆಂಬರಿನಲ್ಲಿ 18 ತಿಂಗಳ ಜೈಲಾಯಿತು.

ನಮ್ಮ ಮಾಂಟೆರೆ ಪ್ರಯಾಣ ಏನಾಯಿತು ಅಂತೀರಾ? ಶನಿವಾರ ಬೆಳಗ್ಗೆ ಸ್ಯಾನ್ ಹೋಸೆಯಲ್ಲಿ ಒಳ್ಳೇ ಬಿಸಿಲು. ಆದರೆ ಮಾಂಟೆರೆ ಮೇಲೆ ಸಮುದ್ರದ ಮೋಡ ಹಾಸಿಕೊಂಡಿತ್ತು. ಗೆಳೆಯನಿಗೆ ಮೋಡದೊಳಗೆ ಹಾರುವ ರೇಟಿಂಗ್ ಇಲ್ಲ. ಹತ್ತು ಗಂಟೆಗೆ ನೋಡಿದ, ಹನ್ನೊಂದಕ್ಕೆ ನೋಡಿದ, ಹನ್ನೆರಡಕ್ಕೆ "ಇವತ್ತು ಬೇಡ ಅಂಕಲ್" ಅಂದ. ಅಪ್ಪ ಅಮ್ಮ ಮಂಗಳವಾರ ಊರಿಗೆ ಹೊರಡುವವರಿದ್ದರು. ಇನ್ನೊಂದು ಶನಿವಾರ ಇರಲಿಲ್ಲ. ಅಪ್ಪನ ಮುಖ ಸಣ್ಣದಾಯಿತು, ಆದರೂ "ಸರಿ ಬಿಡಪ್ಪ, ಟ್ರಿಪ್ ಕ್ಯಾನ್ಸಲ್" ಅಂದರು. ಅಮ್ಮ ಖುಷಿಯಿಂದ ಚಿತ್ರಾನ್ನ ಮಾಡಿದರು.

ಊಟ ಮಾಡುವಾಗ ಗೆಳೆಯ ಹೇಳಿದ: "ಅಂಕಲ್ 270 ಡಾಲರ್ ಮೊದ್ಲೇ ಕೊಟ್ಬಿಟ್ಟಿದ್ರೆ ಇವತ್ತು 'ಒಂದ್ಸಲ ಹೋಗಿ ನೋಡೋಣ' ಅಂತ ನಂಗೆ ಅನ್ನಿಸ್ತಿತ್ತೋ ಏನೋ." ಅಪ್ಪ ತಲೆಯಾಡಿಸಿದರು. ಕಲೆಕ್ಷನ್ ಕಡಿಮೆಯಾದ ದಿನ ಖಾಸಗಿ ಬಸ್ಸಿನವರು ಹೇಗೆ ಓಡಿಸುತ್ತಾರೆ ಅಂತ ಅವರು ಕಣ್ಣಾರೆ ಕಂಡವರು.

ನನಗೆ ಆ ನಿಯಮ ಅರ್ಥವಾಗಿದ್ದು ಆಗಲೇ. ಪೈಲಟ್ ಪಾಲು ಹಾಕಬೇಕು, ಅವನಿಗೂ ಹೋಗಲು ಸ್ವಂತ ಕಾರಣ ಇರಬೇಕು ಅನ್ನುವುದೆಲ್ಲ ಬರೀ ಲೆಕ್ಕಾಚಾರ ಅಲ್ಲ. ಅವನು ಯಾರ ಋಣಕ್ಕೂ ಬೀಳದೆ 'ಇವತ್ತು ಬೇಡ' ಅನ್ನುವ ಹಾಗೆ ಇರಬೇಕು. ಕೂತವನೂ ಅದನ್ನು ಕೇಳಿ ಸುಮ್ಮನೆ ಮನೆಗೆ ಬರುವ ಹಾಗಿರಬೇಕು.

ಆದರೆ ವೆಬ್‌ಸೈಟಿನ ವಿಷಯದಲ್ಲಿ ನಾನಿನ್ನೂ ಯುರೋಪಿನ ಕಡೆಗೇ ವಾಲುತ್ತೇನೆ. ಪಾಲು ಸಮನಾಗಿರಲಿ, ದುಡ್ಡು ಹಾರಾಟ ಮುಗಿದ ಮೇಲೆ ಕೈ ಬದಲಾಗಲಿ, ಒತ್ತುವ ಬಟನ್ ಪಕ್ಕದಲ್ಲೇ 'ಇದು ಬಿಳಿ ಬೋರ್ಡು, ಪೈಲಟ್ ಹವ್ಯಾಸಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿರಲಿ. ಓದಿ ಒಪ್ಪಿಕೊಂಡವರು ಹೋಗಲಿ ಬಿಡಿ. ಊರಿಂದ ಫೋನ್ ಮಾಡಿದಾಗಲೆಲ್ಲ ಅಪ್ಪ ಇದನ್ನು ಒಪ್ಪುವುದಿಲ್ಲ. "ಟಿಕೆಟ್ ಹಿಂದೆ ಬರೆದಿರೋದನ್ನ ಯಾರು ಓದ್ತಾರೋ?" ಅನ್ನುತ್ತಾರೆ.

ನೀವೇನಂತೀರಿ? ನೀವಾದರೆ ಹತ್ತುತ್ತೀರಾ?