ಹೆಸರು ಬರೆದಿಡಿ

ಮಡಿಕೇರಿ ಮಳೆ ಗೊತ್ತಲ್ಲ? ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಕಳೆದ ಮಳೆಗಾಲದಲ್ಲಿ ಅಟ್ಟದಿಂದ ಅಜ್ಜಿಯ ಟ್ರಂಕ್ ಇಳಿಸಿದೆ. ಒಳಗಿದ್ದ ಹಳೇ ಫೋಟೋಗಳಿಗೆ ಏನೂ ಆಗಿರಲಿಲ್ಲ. ಒಲೆಯ ಬಿಸಿ ತಾಗುವ ಕಡೆಯೇ ಅಜ್ಜಿ ಇಟ್ಟಿದ್ದರು. ಆದರೆ ಒಂದರ ಹಿಂದೆಯೂ ಹೆಸರಿಲ್ಲ.

"ಇವರು ಯಾರಮ್ಮ?" ಅಂದೆ.

"ಅಜ್ಜಿಗೆ ಗೊತ್ತಿತ್ತು" ಅಂದ್ರು ಅಮ್ಮ. ಅಜ್ಜಿ ತೀರಿಕೊಂಡು ಎರಡು ವರ್ಷ.

ಆಗ ನೆನಪಾಗಿದ್ದು, ಹಿಂದೆಂದೋ ಓದಿದ್ದ ಡೈನೋಸಾರ್ ಮೂಳೆಯ ಕತೆ. 1828ರಲ್ಲಿ ಜಬಲ್ಪುರದಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ಬಾಲದ ಮೂಳೆಗಳು ಸಿಕ್ಕವು. 1877ರಲ್ಲಿ ಲಿಡೆಕರ್ ಆ ಪ್ರಾಣಿಗೆ 'ಟೈಟನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟರು. ಆಮೇಲೆ ಮೂಳೆ ಕಳೆದೇಹೋಯ್ತು ಅಂದುಕೊಂಡಿದ್ದರು. 2012ರಲ್ಲಿ ಒಂದು ಸಿಕ್ಕಿತು. ಎಲ್ಲಿ? ಕೋಲ್ಕತ್ತಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲೇ! ಲಿಡೆಕರ್ ವಿವರ ಬರೆದಿಟ್ಟಿದ್ದರು, ಹಾಗಾಗಿ ಗುರುತು ಹಿಡಿಯಲು ಸಾಧ್ಯವಾಯ್ತು.

ಪಳೆಯುಳಿಕೆ ಕಲ್ಲಿನಂತಿದ್ದರೂ ತೇವ ಅದಕ್ಕೂ ಆಗಲ್ಲ. ಒಳಗೆ ಪೈರೈಟ್ ಇದ್ದರೆ ತೇವ ತಾಗಿ ಬಿರುಕು ಬಿಟ್ಟು ಪುಡಿಯಾಗುತ್ತೆ. ಅದಕ್ಕೇ ಮ್ಯೂಸಿಯಂಗಳಲ್ಲಿ ಅಂಥದ್ದನ್ನು ತೇವ ತಾಗದ ಹಾಗೆ ಇಡ್ತಾರೆ. ಜೊತೆಗೆ ನಂಬರು, ಸಿಕ್ಕ ಜಾಗದ ಚೀಟಿ. ಚೀಟಿ ಹೋದರೆ ಮೂಳೆ ಬರೀ ಕಲ್ಲು.

ಮುಂದಿನ ಭಾನುವಾರ ಫೋಟೋಗಳನ್ನು ದೊಡ್ಡಮ್ಮನ ಹತ್ತಿರ ಒಯ್ದೆ. ಹನ್ನೊಂದಕ್ಕೆ ಹೆಸರು ಸಿಕ್ಕಿತು. ಹಿಂದೆ ಪೆನ್ಸಿಲ್‌ನಲ್ಲಿ ಬರೆದೆ. ಉಳಿದವರೆಲ್ಲ ಇನ್ನೂ 'ಯಾರೋ'.

ನಿಮ್ಮ ಫೋನಿನಲ್ಲಿರುವ ಸಾವಿರ ಫೋಟೋಗಳಲ್ಲಿ ಎಷ್ಟಕ್ಕೆ ಹೆಸರಿದೆ?